ಅವ್ವಿಗೆ ಸಿಕ್ಕ ಕುರ್ಚಿ

ಪುಕ್ಕಟೆ ಎಂದು ಬರೆದ ಜಾಗಕ್ಕೆ ನಾನು ಕಾಲಿಡುವವನಲ್ಲ. ದುಡಿದು ತಿಂದವನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಯಾರ ಹೊಸ್ತಿಲಲ್ಲೂ ಕೈಚಾಚಿ ನಿಂತಿಲ್ಲ. ಆದರೂ ಅರವತ್ತರ ದಶಕ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಕುಮಟೆಯ ಥಿಯೇಟರಿನ ಪಕ್ಕದ ಕೋಣೆಯೊಂದಕ್ಕೆ ಹೋದೆ. ಅದರ ಬಾಗಿಲ ಮೇಲೆ ಕೆಂಪಕ್ಷರದಲ್ಲಿ 'ಸಿನಿಮಾ ವಸ್ತು ಸಂಗ್ರಹಾಲಯ, ಪ್ರವೇಶ ಉಚಿತ' ಎಂದು ಬರೆದಿತ್ತು. ಹೆತ್ತ ಅವ್ವಿಯ ಕೈ ಹಿಡಿದುಕೊಂಡು ಹೋದೆ. ಅವಳಿಗೆ ಒಂದು ಕುರ್ಚಿ ಬರಬೇಕಿತ್ತು. ಆ ಕುರ್ಚಿಯ ಕತೆ ಹೇಳದೆ ಕೋಣೆಯ ಕತೆ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ.

ಆ ಥಿಯೇಟರ್ ಏಳುವ ಮೊದಲು ನಮ್ಮಂಥವರಿಗೆ ಸಿನಿಮಾ ಎಂದರೆ ತಂಬು. ಕುಮಟೆಯ ಸಾಹುಕಾರರೊಬ್ಬರು ಒಂದು ಹಳೆಯ ಮಶಿನ್ನು, ಒಂದು ತಂಬು ಇಟ್ಟುಕೊಂಡು ಊರೂರು ತಿರುಗಿಸುತ್ತಿದ್ದರು. ನಾವು ಕೆಲಸದವರು ಅವರನ್ನು ಒಡೆಯರು ಎಂದೇ ಕರೆಯುತ್ತಿದ್ದೆವು. ಗದ್ದೆ ಕೊಯ್ಲು ಮುಗಿದ ಮೇಲೆ ಮೊದಲ ಬಿಡಾರ ಕುಮಟೆಯಲ್ಲಿ. ಸಂಕ್ರಾಂತಿ ಕಳೆದ ಮೇಲೆ ಹೊನ್ನಾವರ. ಅಲ್ಲಿಂದ ದೋಣಿಗಳ ಮೇಲೆ ಸಾಮಾನು ಹೇರಿ ಶರಾವತಿ ದಾಟಿ, ಆಚೆ ದಡದಲ್ಲಿ ಗಾಡಿ ಹೂಡಿ, ಅಪ್ಸರಕೊಂಡದ ಗುಡ್ಡವನ್ನು ಬದಿಗೆ ಬಿಟ್ಟು ಭಟ್ಕಳಕ್ಕೆ. ಅಲ್ಲಿ ಜಾಲಿಯ ಕಡೆಯ ಬಯಲಿನಲ್ಲಿ ತಂಬು ಏಳುತ್ತಿತ್ತು. ಮಳೆಗಾಲ ಹತ್ತಿರ ಬಂದಾಗ ಎಲ್ಲ ಬಿಚ್ಚಿ, ಒಣಗಿಸಿ, ಮಡಚಿ ಕುಮಟೆಯ ಗೋದಾಮಿಗೆ.

ತಂಬು ಏರಿಸುವುದು, ಇಳಿಸುವುದು, ಹಗ್ಗ ಬಿಗಿಯುವುದು ನನ್ನ ಕೆಲಸ. ಗಾಳಿ ಎದ್ದರೆ ಗೂಟದ ಬುಡದಲ್ಲೇ ಕೂತಿರಬೇಕು. ಕಡಲ ಗಾಳಿಗೆ ನಮ್ಮ ತಂಬು ಒಮ್ಮೆಯೂ ಬಿದ್ದದ್ದಿಲ್ಲ. ಅವ್ವಿ ನಮ್ಮ ಜೊತೆ ಬಿಡಾರಕ್ಕೆ ಬರುತ್ತಿದ್ದಳು, ಎಲ್ಲರಿಗೂ ಗಂಜಿ ಬೇಯಿಸಲು. ಅಪ್ಪ ಮಚವೆಯಲ್ಲಿ, ಅಂದರೆ ಸರಕಿನ ಹಾಯಿದೋಣಿಯಲ್ಲಿ, ಹೋಗುತ್ತಿದ್ದವನು. ಅವನು ತೀರಿಕೊಂಡ ವರ್ಷವೇ ನನ್ನ ಶಾಲೆ ನಿಂತದ್ದು. ಅಪ್ಪನಿಂದ ಅವ್ವಿ ಕಲಿತದ್ದು ಒಂದೇ ವಿದ್ಯೆ, ಹಾಯಿಬಟ್ಟೆಗೆ ಹಾಕುವ ಚಪ್ಪಟೆ ಹೊಲಿಗೆ. ಎರಡು ಪಟ್ಟಿ ಕೂಡಿಸಿದ ಕಡೆ ಬೆರಳಾಡಿಸಿದರೆ ಏರು ಸಿಗದಂಥ ಹೊಲಿಗೆ. ಒಡೆಯರು ಮುಂಬಯಿಯಿಂದ ತೆಳು ಮಾದರಪಾಟು ಬಟ್ಟೆಯ ಥಾನು ತರಿಸಿದಾಗ, ಅದನ್ನು ಪಟ್ಟಿ ಪಟ್ಟಿ ಕೂಡಿಸಿ ಸಿನಿಮಾದ ಪರದೆ ಮಾಡಿದವಳು ಅವ್ವಿ. ಹೊಳನಗದ್ದೆಯ ನಮ್ಮ ಮನೆಯ ಅಂಗಳದಲ್ಲಿ ಹಾಸಿ, ಮಂಡಿಯೂರಿ, ದಿನಗಟ್ಟಲೆ ಹೊಲಿದಳು. ಅದರ ಮೇಲೆ ಕೋಳಿ ಓಡಾಡದ ಹಾಗೆ ನಾನು ಕೋಲು ಹಿಡಿದು ಕೂತಿದ್ದೆ.

ತೆಳು ಬಟ್ಟೆಯೇ ಯಾಕೆಂದರೆ, ನಮ್ಮ ತಂಬಿನಲ್ಲಿ ಪರದೆ ತುದಿಯಲ್ಲಿ ಇರುತ್ತಿರಲಿಲ್ಲ. ಒಂದು ತುದಿಗೆ ಮಶಿನ್ನು. ಅದರ ಮುಂದೆ ಕುರ್ಚಿ, ಬೆಂಚು, ನೆಲ. ಆಮೇಲೆ ಪರದೆ. ಪರದೆಯ ಆಚೆಗೂ ಜನ. ಆ ಕಡೆಗೆ ಕಡಿಮೆ ರೇಟು. ಕೂಲಿಯವರು, ಮೀನು ಮಾರುವ ಹೆಂಗಸರು, ತಂಬಿನ ಕೆಲಸದವರ ಮನೆಯವರು ಆ ಕಡೆ. ಬೆಳಕು ಬಟ್ಟೆಯನ್ನು ದಾಟಿ ಆ ಕಡೆಗೂ ಮೂಡಬೇಕಾದರೆ ಬಟ್ಟೆ ಒದ್ದೆಯಾಗಿರಬೇಕು. ಆಟ ಶುರುವಾಗುವ ಮೊದಲು, ಮತ್ತೆ ನಡುವೆ ರೀಲು ಬದಲಿಸುವಾಗೆಲ್ಲ, ನಾನು ಹಿತ್ತಾಳೆಯ ಪಿಚಕಾರಿಯಿಂದ ಪರದೆಗೆ ನೀರು ಹೊಡೆಯುತ್ತಿದ್ದೆ. ಬಾವಿಯ ಸಿಹಿನೀರೇ ಆಗಬೇಕು. ಒಮ್ಮೆ ಹೊಸ ಆಳೊಬ್ಬ ಸೋಮಾರಿತನಕ್ಕೆ ಹೊಳೆಯ ಉಪ್ಪುನೀರು ತುಂಬಿ ತಂದಿಟ್ಟಿದ್ದ. ಬಟ್ಟೆ ಒಣಗಿದ ಮೇಲೆ ಹಪ್ಪಳದ ಹಾಗೆ ಬಿರುಸಾಗಿ, ಮೂಲೆಯಲ್ಲಿ ಹಳದಿ ಕಲೆ ಕೂತಿತು. ಅವ್ವಿ ಅವನಿಗೆ ಮೂರು ದಿನ ಬರೀ ಗಂಜಿ ಬಡಿಸಿದಳು. ಉಪ್ಪಿನಕಾಯಿ ಕೇಳಿದರೆ, "ಉಪ್ಪು ಎಂತಕ್ಕೆ ನಿಂಗೆ? ಬಟ್ಟೆಗೆಲ್ಲ ಹಾಕಿ ಮುಗಿಸ್ದೆಯಲ" ಎಂದಳು.

ಹಿಂದೆ ಕೂತವರಿಗೆ ಆಟ ತಿರುಗುಮುರುಗಾಗಿ ಕಾಣುತ್ತದೆ. ರಾಜ ಎಡಗೈಯಲ್ಲಿ ಕತ್ತಿ ಹಿಡಿಯುತ್ತಾನೆ. ದೇವರು ಎಡಗೈ ಎತ್ತಿ ಆಶೀರ್ವಾದ ಮಾಡುತ್ತಾನೆ. ಮದುವೆಯ ಊಟದಲ್ಲಿ ಇಡೀ ಪಂಕ್ತಿ ಎಡಗೈಯಲ್ಲಿ ಉಣ್ಣುತ್ತದೆ. ಅವ್ವಿಗೆ ಮೊದಮೊದಲು ಅದು ಅಸಹ್ಯವಾಗಿತ್ತು. ಆಮೇಲೆ ಅವಳೇ ಒಂದು ಸಮಾಧಾನ ಕಂಡುಕೊಂಡಳು. "ಅವ್ರ ಲೋಕದ ರೀತಿ ಹಂಗೆ. ನಮ್ಗೆ ಎಡ ಆದದ್ದು ಅವ್ರಿಗೆ ಬಲ." ಅವಳು ಮಾತ್ರವಲ್ಲ, ಹಿಂದೆ ಕೂತ ಎಲ್ಲರೂ ಹಾಗೇ ನಂಬಿದ್ದರು. ಹೊಳನಗದ್ದೆಯ ಹುಡುಗಿಯರು ಸಿನಿಮಾದ ಧಾಟಿ ಎಂದು ಸೆರಗನ್ನು ಬಲಹೆಗಲಿಗೆ ಹಾಕತೊಡಗಿದರು. ಗಂಡುಹುಡುಗರು ಬೈತಲೆ ಬಲಕ್ಕೆ ತೆಗೆದರು. ನಾನೂ ತೆಗೆದೆ. ಪೇಟೆಯಲ್ಲಿ ನಮ್ಮನ್ನು ನೋಡಿದವರಿಗೆ ಕೇಳುವುದೇ ಬೇಕಿರಲಿಲ್ಲ, ಇವರು ಹಿಂದೆ ಕೂತು ನೋಡುವವರು ಎಂದು ಗೊತ್ತಾಗುತ್ತಿತ್ತು. ಕುಮಟೆಯ ಕ್ಷೌರಿಕ ಒಮ್ಮೆ ಅಂಗಡಿ ತುಂಬ ಜನರಿದ್ದಾಗ ನನ್ನ ತಲೆ ಹಿಡಿದು ಕನ್ನಡಿಯ ಕಡೆ ತಿರುಗಿಸಿ, "ಎಂತ ತಮ್ಮಾ, ನೀ ಆಟ ಹಿಂದಿಂದ ನೋಡಿದ್ಯಾ? ಬೈತಲೆ ಆ ಬದಿಗಲ್ಲ, ಈ ಬದಿಗೆ" ಎಂದ. ಎಲ್ಲರೂ ನಕ್ಕರು. ಅಂದು ಅವನ ಕುರ್ಚಿಯಿಂದ ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಬಂದೆ. ತಂಬು ಏರಿಸುವವನು ನಾನು. ಪರದೆ ಹೊಲಿದವಳು ನನ್ನ ಅವ್ವಿ. ನಾವು ಅದರ ಬೆನ್ನು ನೋಡಿಕೊಂಡಿರಬೇಕು.

ಭಟ್ಕಳದಲ್ಲಿ ಮಾತ್ರ ಅವ್ವಿಗೆ ಹಿಂದೆ ಕೂರುವುದು ಬೇಸರವಾಗುತ್ತಿರಲಿಲ್ಲ. ಅಲ್ಲಿ ಹಿಂದಿನ ಜಾಗ ಹೆಂಗಸರದ್ದು. ಅನುಕೂಲಸ್ಥ ಮನೆಯ ಬುರ್ಖಾದ ಹೆಂಗಸರು ಕೂಡ ಮರೆಗೆಂದು ಅಲ್ಲೇ ಬಂದು ಕೂರುತ್ತಿದ್ದರು. ಅವರ ನವಾಯತಿ ಮಾತು ಇವಳಿಗೆ ಬಾರದು, ಇವಳ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು. ಆದರೂ ಆಟದ ಮಧ್ಯೆ ಅಳುವುದು ಒಟ್ಟಿಗೇ ಆಗುತ್ತಿತ್ತು. ಒಬ್ಬಾಕೆ ಇವಳಿಗೆ ಪ್ರತಿ ಸಲ ಎಲೆಯಡಿಕೆ ತಂದುಕೊಡುತ್ತಿದ್ದಳಂತೆ. "ಅಲ್ಲಿ ಹಿಂದೆ ಕೂರುದು ಅಂದ್ರೆ ಮರ್ಯಾದಿ" ಎನ್ನುತ್ತಿದ್ದಳು. ಕುಮಟೆ ಹೊನ್ನಾವರಗಳಲ್ಲಿ ಎಂತದು ಎಂದು ಅವಳು ಹೇಳುತ್ತಿರಲಿಲ್ಲ. ಹೇಳುವುದೂ ಬೇಡವಿತ್ತು.

ಹೊನ್ನಾವರದ ಬಿಡಾರದಲ್ಲಿ ಒಂದು ಸಂಜೆ ನನ್ನ ಪಗಾರದಿಂದ ಅವಳಿಗೆ ಬೆಂಚಿನ ಟಿಕೇಟು ತೆಗೆದೆ. ಒಮ್ಮೆ ಮುಂದಿನಿಂದ ನೋಡಲಿ ಎಂದು. ಬೇಡ ಬೇಡ ಎಂದವಳನ್ನು ಕೈ ಹಿಡಿದು ಕರೆತಂದೆ. ಗೇಟಿನವ ಟಿಕೇಟು ನೋಡಿದ, ಅವಳ ಮುಖ ನೋಡಿದ, ಒಡೆಯರನ್ನು ಕರೆದ. ಒಡೆಯರು ಎಲೆಯಡಿಕೆಯ ಬಾಯಲ್ಲಿ ನಗುತ್ತಲೇ ಬಂದರು. ಅವರು ಬೈಯುವವರಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಎಂತ ಮಾರಾಯಾ, ನಿನ್ನವ್ವಿನ ನಾ ಪುಕ್ಕಟೆ ಬಿಡ್ತೆ, ನೀ ದುಡ್ಡು ಕೊಡುಕೆ ಹೋಗ್ತೆಯಲ?"

"ಒಂದು ಸಲ ಮುಂದಿಂದ ನೋಡ್ಲಿ ಅಂತ, ಒಡೆಯಾ."

"ಮುಂದಿಂದ ನೋಡಿರೂ ಅದೇ ಆಟ, ಹಿಂದಿಂದ ನೋಡಿರೂ ಅದೇ ಆಟ. ತಂಬಿನವ್ರ ಮನೆಯವ್ರು ಬೆಂಚಿಗೆ ಕೂತ್ರೆ ದುಡ್ಡು ಕೊಟ್ಟವ್ರು ಸುಮ್ನಿರ್ತ್ರಾ? ನೀನೇ ಹೇಳು."

"ನಾನೂ ದುಡ್ಡು ಕೊಟ್ಟಿದ್ದೆ, ಒಡೆಯಾ."

ಬೆಂಚಿನಲ್ಲಿ ಕೂತವರು ತಿರುಗಿ ನೋಡಿದರು. ಅವರಲ್ಲೊಬ್ಬರು ನಮ್ಮೂರ ಕಡೆಯ ಗದ್ದೆಯ ಧಣಿ. ಅವರ ಗದ್ದೆಯಲ್ಲಿ ಅವ್ವಿ ಪ್ರತಿ ವರ್ಷ ನಾಟಿಗೆ ಹೋಗುತ್ತಿದ್ದಳು. ನೆಂಟರ ಮನೆಗೆ ಬಂದವರು ಆಟಕ್ಕೆ ಬಂದಿದ್ದರೆಂದು ಕಾಣುತ್ತದೆ. ಅವರು ಪಕ್ಕದಲ್ಲಿ ಖಾಲಿಯಿದ್ದ ಜಾಗದ ಮೇಲೆ ಶಾಲು ಇಟ್ಟರು, ಅಷ್ಟೇ. ಅವ್ವಿ ನನ್ನ ಅಂಗಿ ಜಗ್ಗಿದಳು. "ಬಾರೋ ತಮ್ಮಾ, ಹಿಂದೆ ಹೋಗ್ವ. ನಂಗೆ ಅಲ್ಲೇ ರೂಢಿ."

ನಾನು ಜಗ್ಗಲಿಲ್ಲ. ಜನ ಸೇರತೊಡಗಿದರು. ಆಗ ಒಡೆಯರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಹಟ ಬೇಡ ಮಾರಾಯಾ. ನಾಳೆ ದಿನ ಕುಮಟೆಯಲ್ಲಿ ಪಕ್ಕಾ ಥಿಯೇಟರ್ ಕಟ್ತೆ. ಅಲ್ಲಿ ಪರದೆಗೆ ಹಿಂದೆ ಮುಂದೆ ಇಲ್ಲ, ಗೋಡೆ. ಮೊದಲ ದಿನ, ಮೊದಲ ಸಾಲಿನ ಕುರ್ಚಿಲಿ ನಿನ್ನವ್ವಿನ ಕೂರಿಸ್ತೆ. ಪರದೆ ಹೊಲ್ದವ್ಳಲ್ದಾ ಅವ್ಳು! ಇದು ನನ್ನ ಮಾತು. ಆತಾ?"

ಜನ "ಆತು, ಆತು" ಎಂದರು. ಗದ್ದೆಯ ಧಣಿಯೂ ತಲೆಯಾಡಿಸಿದರು. ಗೇಟಿನವ ಟಿಕೇಟಿನ ಹಣ ವಾಪಸು ಹಿಡಿದ. ನಾನು ಮುಟ್ಟಲಿಲ್ಲ. ಪಿಚಕಾರಿ ತೆಗೆದುಕೊಂಡು ಪರದೆಗೆ ನೀರು ಹೊಡೆಯಲು ಹೋದೆ. ಅಂದು ಎಷ್ಟು ಹೊಡೆದೆನೆಂದರೆ ಮುಂದೆ ಕೂತವರಿಗೂ ಚಿತ್ರ ಕದಡಿ ಕಂಡಿತಂತೆ.

ನನಗೆ ಆ ಮಾತಿನ ಮೇಲೆ ನಂಬಿಕೆ ಹುಟ್ಟಲಿಲ್ಲ. ಅವ್ವಿಗೆ ಹುಟ್ಟಿತು. ಬಾಯಿ ಮುಚ್ಚಿ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಊರಿಗೆ ಬಂದವಳು ಬಾವಿಕಟ್ಟೆಯಲ್ಲಿ, ನಾಟಿಯ ಗದ್ದೆಯಲ್ಲಿ, ಮೀನು ಕೊಳ್ಳುವಲ್ಲಿ, ಎಲ್ಲ ಕಡೆ ಹೇಳಿಕೊಂಡಳು. ಹೊಳನಗದ್ದೆಯವರಿಗೆ ಅಷ್ಟೇ ಸಾಕಾಯಿತು. ಪಕ್ಕದ ಮನೆಯ ಹೆಂಗಸು, ನಾನು ಅತ್ತೆ ಎಂದು ಕರೆಯುವವಳು, ಬೇಲಿಯ ಮೇಲಿಂದ ದಿನಾ ಒಂದು ಎಸೆಯುತ್ತಿದ್ದಳು.

"ಎಂತೇ, ಕುರ್ಚಿ ಬಂತಾ? ನಮ್ಗೂ ಬದಿಗೆ ಒಂದು ಮಣೆ ಇಡುಕೆ ಹೇಳೇ."

"ನಿಂಗೆ ಮಣೆ ಎಲ್ಲಿ ಸಾಕಾತದೆ? ನೀ ಬಂದ್ರೆ ಎರಡು ಕುರ್ಚಿ ಜೋಡಿಸ್ಬೇಕು" ಎಂದು ಅವ್ವಿ.

ನಗೆ, ಮಾತು, ಮತ್ತೆ ನಗೆ. ವರ್ಷ ಕಳೆದಂತೆ ಆ ನಗೆಯಲ್ಲಿ ಅವ್ವಿಯ ಪಾಲು ಕಡಿಮೆಯಾಗುತ್ತ ಬಂತು.

ಥಿಯೇಟರ್ ಎದ್ದಿತು. ಕಟ್ಟುವಾಗ ಕಲ್ಲು ಹೊತ್ತವರಲ್ಲಿ ನಾನೂ ಒಬ್ಬ. ಎದ್ದ ಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ. ತಂಬೇ ಇಲ್ಲದ ಮೇಲೆ ತಂಬು ಏರಿಸುವವ ಎಂತಕ್ಕೆ? ಮಶಿನ್ನಿನ ಕೋಣೆಗೆ ಸೇರಿಸಿಕೊಳ್ಳಿ ಎಂದು ಕೇಳುವುದು ನನ್ನ ನಾಲಿಗೆಗೆ ಬರಲಿಲ್ಲ. ಅದಕ್ಕೆ ಪರೀಕ್ಷೆ ಕಟ್ಟಬೇಕು, ಲೈಸೆನ್ಸು ಬೇಕು, ನಾಲ್ಕನೇ ಇಯತ್ತೆ ಸಾಲದು ಎಂದು ಕೇಳುವ ಮೊದಲೇ ಒಬ್ಬರು ತಿಳಿಸಿದರು. ಹೊನ್ನಾವರದ ಮರದ ಮಿಲ್ಲಿಗೆ ಸೇರಿದೆ. ದಿಮ್ಮಿ ಉರುಳಿಸುವ ಕೆಲಸ. ಅಲ್ಲಿ ಯಾರೂ ಇಯತ್ತೆ ಕೇಳುವುದಿಲ್ಲ.

ಮೊದಲ ಆಟದ ದಿನ ಅವ್ವಿ ಹೊಸ ಸೀರೆ ಉಟ್ಟಳು. ಅಂಚಿನ ಸೀರೆ, ಅವಳೇ ಕೂಲಿ ಕೂಡಿಟ್ಟು ಕೊಂಡದ್ದು. ಸೆರಗು ಯಾವ ಹೆಗಲಿಗೆ ಎಂದು ಕೇಳಿದಳು, ನಾನು ಎಡಕ್ಕೆ ಎಂದೆ. ಥಿಯೇಟರಿನ ಮುಂದೆ ಮಾವಿನ ತೋರಣ, ಮೋಟಾರುಗಳು, ಕೋಟು ಹಾಕಿದವರು. ಅದೇ ಗೇಟಿನವ, ಈಗ ಅವನಿಗೆ ಖಾಕಿ ಅಂಗಿ. "ಇವತ್ತು ಬರೀ ಕರೆದವ್ರಿಗೆ. ಎಲ್ಲಾ ಭರ್ತಿ. ನಾಳೆ ಬನ್ನಿ."

"ನಮ್ಮನ್ನೂ ಕರ್ದಿದ್ರು" ಎಂದಳು ಅವ್ವಿ. "ಹೊನ್ನಾವರದಲ್ಲಿ. ನೀನೂ ಇದ್ದೆಯಲ?"

ಅವನು ಬೇರೆ ಕಡೆ ನೋಡಿದ. ಒಡೆಯರು ಒಳಗೆ ದೊಡ್ಡವರ ಕೊರಳಿಗೆ ಹಾರ ಹಾಕುತ್ತಿದ್ದರು. ಬಾಗಿಲ ಸಂದಿನಿಂದ ಮೊದಲ ಸಾಲು ಕಾಣುತ್ತಿತ್ತು, ಕೆಂಪು ರೆಕ್ಸಿನ್ನಿನ ಕುರ್ಚಿಗಳು. ಅವ್ವಿ ಸ್ವಲ್ಪ ಹೊತ್ತು ಆ ಸಂದಿನಲ್ಲೇ ನೋಡಿದಳು. ಆಮೇಲೆ ತಿರುಗಿ ಮನೆ ಕಡೆ ನಡೆದಳು. ದಾರಿಯುದ್ದಕ್ಕೂ ನಾನು ಹೇಳಿದೆ, ನಾಳೆ ನಾನೇ ಟಿಕೇಟು ತೆಗೆಯುತ್ತೇನೆ, ಕುರ್ಚಿಯದ್ದೇ ತೆಗೆಯುತ್ತೇನೆ ಎಂದು. ಅವಳು ಒಪ್ಪಲಿಲ್ಲ.

"ಟಿಕೇಟು ತೆಗ್ದು ಕೂತ್ರೆ ಅದು ಯಾರ ಕುರ್ಚಿಯಾದ್ರೂ ಆತು. ನಂಗೆ ಹೇಳಿದ್ದು ಬೇರೆ. ಕರೆದ್ರೆ ಹೋಗ್ತೆ. ಕರೀದೆ ಇದ್ರೆ ಅವ್ರ ಆಟ ಅವ್ರೇ ನೋಡ್ಕಳ್ಳಿ."

ನನ್ನ ಹಟ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿಲ್ಲ.

ಅವರು ಕರೆಯಲಿಲ್ಲ. ಅವ್ವಿಯ ಕಣ್ಣಿಗೆ ಪೊರೆ ಬಂತು. ಮೊದಲು ಒಂದಕ್ಕೆ, ಮರು ವರ್ಷ ಇನ್ನೊಂದಕ್ಕೆ. ಆಸ್ಪತ್ರೆಗೆ ಹೋಗುವ ಎಂದರೆ, ಕಣ್ಣಿಗೆ ಕತ್ತಿ ಹಾಕಿಸಿಕೊಂಡು ಕುರುಡಾದವರ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದಳು. ಬೆಳಕು ಗೊತ್ತಾಗುತ್ತಿತ್ತು, ದೊಡ್ಡ ಆಕಾರಗಳು ಗೊತ್ತಾಗುತ್ತಿದ್ದವು. ಮುಖಗಳು ಹೋದವು. ಅಕ್ಕಿಯಲ್ಲಿ ಕಲ್ಲು ಆರಿಸುವುದು ಬಿಟ್ಟಳು. ಇನ್ನೊಂದು ಮಳೆಗಾಲ ಕಳೆದರೆ ಪರದೆಯ ಮೇಲಿನ ಆಟವೂ ಅವಳ ಪಾಲಿಗೆ ಇರುವುದಿಲ್ಲ ಎಂದು ನನಗೆ ಕಾಣುತ್ತಿತ್ತು. ನಾನು ಅದನ್ನೇ ಯೋಚಿಸಿಕೊಂಡು ದಿಮ್ಮಿ ಉರುಳಿಸುತ್ತಿದ್ದೆ.

ಹೀಗಿರುವಾಗ ಮಿಲ್ಲಿಗೆ ರಜೆಯಿದ್ದ ಒಂದು ದಿನ ಗೇಟಿನವ ಸೈಕಲ್ಲಿನ ಮೇಲೆ ನಮ್ಮನೆಗೆ ಬಂದ. ಅಂಗಳದಲ್ಲೇ ಕಾಲೂರಿ ನಿಂತು, "ಒಡೆಯರು ಹೇಳಿ ಕಳ್ಸಿದ್ರು. ಅವ್ವಿನ ಕರ್ಕಂಡು ಬಾ. ತೋರ್ಸುಕೆ ಎಂತದೋ ಅದೆ" ಎಂದ.

ಅವ್ವಿ ಒಲೆಯ ಮುಂದೆ ಕೂತಿದ್ದವಳು ಎದ್ದು ಬಂದಳು. "ಎಂತಂದೆ? ಮತ್ತೊಂದು ಸಲ ಹೇಳು."

"ಕರೆದ್ರು, ಅಜ್ಜೀ."

"ನೋಡ್ದೆಯಾ" ಎಂದು ನನ್ನ ಕಡೆ ತಿರುಗಿದಳು. ಬೇಲಿಯ ಕಡೆಗೂ ತಿರುಗಿ ಗಟ್ಟಿಯಾಗಿ, "ಒಡೆಯರು ಕರ್ದಿದ್ರು!" ಎಂದಳು. ಅತ್ತೆ ಬೇಲಿಯಾಚೆ ಬಟ್ಟೆ ಒಗೆಯುತ್ತಿದ್ದವಳು ಒಗೆಯುವುದು ನಿಲ್ಲಿಸಿದ್ದು ನನಗೆ ಕೇಳಿತು. ಅವ್ವಿ ಪೆಟ್ಟಿಗೆಯಿಂದ ಅದೇ ಅಂಚಿನ ಸೀರೆ ತೆಗೆದಳು. ಮಡಿಕೆಯ ಗುಂಟ ಅದು ಸ್ವಲ್ಪ ಹಳದಿಯಾಗಿತ್ತು. ಅವಳಿಗೆ ಕಾಣಲಿಲ್ಲ, ನಾನು ಹೇಳಲಿಲ್ಲ.

ಆಗ ಪುರಸಭೆಯ ಚುನಾವಣೆ ಹತ್ತಿರವಿತ್ತು. ಒಡೆಯರು ನಿಲ್ಲುತ್ತಾರೆಂದು ಮಾತಿತ್ತು. ಥಿಯೇಟರಿನ ಪಕ್ಕದ, ಸೈಕಲ್ ನಿಲ್ಲಿಸಲು ಕಟ್ಟಿದ್ದ ಕೋಣೆಗೆ ಸುಣ್ಣ ಬಳಿದು ಹಳೆಯ ಸಾಮಾನೆಲ್ಲ ತಂದಿಟ್ಟಿದ್ದರು. ಊರಿಗೆ ಸಿನಿಮಾ ಹೇಗೆ ಬಂತು ಎಂದು ಮಕ್ಕಳು ಮರಿ ನೋಡಲಿ ಎಂಬ ಉದ್ದೇಶವಂತೆ. ಪುಕ್ಕಟೆ. ಒಡೆಯರು ಬಾಗಿಲಲ್ಲೇ ಕೂತಿದ್ದರು. ನನ್ನನ್ನು ನೋಡಿ, "ಬಾ ಮಾರಾಯಾ, ಬಾ. ನಿನ್ನ ತಂಬಿನ ಗೂಟ ಸೈತ ಇಟ್ಟಿದ್ದೆ. ಅವ್ವಿನ ಒಳಗೆ ಕರ್ಕಂಡು ಹೋಗು" ಎಂದರು.

ಒಳಗೆ ಹಳೆಯ ಮಶಿನ್ನು ಎಣ್ಣೆ ಹಚ್ಚಿಸಿಕೊಂಡು ಹೊಳೆಯುತ್ತಿತ್ತು. ತುಂಡಾದ ರೀಲಿನ ಡಬ್ಬಗಳು, ಗಾಡಿಯ ಮೇಲೆ ಕಟ್ಟಿ ಊರಲ್ಲಿ ಕೂಗುತ್ತಿದ್ದ ತಗಡಿನ ಭೋಂಗಾ, ಟಿಕೇಟಿನ ಕಟ್ಟು, ಗಂಟೆ, ಬಣ್ಣ ಹೋದ ಪೋಸ್ಟರುಗಳು. ನನ್ನ ಗೂಟ ನಿಜವಾಗಿಯೂ ಇತ್ತು, ವಾರ್ನಿಶು ಬಳಿಸಿಕೊಂಡು. ಪಿಚಕಾರಿ ಎಲ್ಲಿದೆ ಎಂದು ಹುಡುಕಿದೆ. ಇರಲಿಲ್ಲ. ಕೊನೆಯ ಗೋಡೆಗೆ ಪರದೆ. ನಾಲ್ಕು ಸುತ್ತ ಮರದ ಪಟ್ಟಿ ಹೊಡೆದು ಗೋಡೆಗೇ ಬಿಗಿದಿದ್ದರು. ಅದರೆದುರು ತಂಬಿನ ಕಾಲದ ಒಂದು ಬೆತ್ತದ ಕುರ್ಚಿ, ಮುಂದಿನ ಸಾಲಿನದು, ಸುತ್ತ ಹಗ್ಗ ಕಟ್ಟಿ ಇಟ್ಟಿತ್ತು.

ಅವ್ವಿ ನೇರ ಬಟ್ಟೆಯ ಹತ್ತಿರ ಹೋದಳು. ಅಂಗೈಯಿಂದ ಸವರಿದಳು. ಬೆರಳು ಹೊಲಿಗೆಯ ಗುಂಟ ಮೇಲೆ ಹೋಯಿತು, ಕೆಳಗೆ ಬಂತು. "ಇದು ನಂದೇ" ಎಂದಳು. ಪಕ್ಕದಲ್ಲಿ ಹಲಗೆಯ ಮೇಲೆ ಬರೆದಿತ್ತು. ಎಂತ ಬರೆದಿದ್ದಾರೆ ಓದು ಎಂದಳು. ನಾನು ಅಕ್ಷರ ಕೂಡಿಸಿಕೊಂಡು ಓದಿದೆ: "ಮಾಲಕರು ಮುಂಬಯಿಯಿಂದ ತರಿಸಿದ ಪರದೆ. ಇದರ ಮುಂದೆ ಬಡವ ಬಲ್ಲಿದರೆನ್ನದೆ ಊರವರೆಲ್ಲ ಒಟ್ಟಿಗೆ ಕುಳಿತು ಚಿತ್ರ ನೋಡಿ ಆನಂದಿಸಿದರು."

"ಮುಂಬಯಿದಾ? ನಾ ಹೊಲ್ದದ್ದಲ್ದಾ?"

"ಬಟ್ಟೆ ಮುಂಬಯಿದು, ಅವ್ವಿ."

"ಹಾಂ. ಬಟ್ಟೆ ಮುಂಬಯಿದೇ." ಅವಳು ಕೈ ಬಿಡದೆ ಪರದೆಯ ಅಂಚಿಗೆ ಸರಿದಳು, ಆ ಕಡೆ ಹೋಗಲೆಂದು. ಹಿಂದಿನ ಜಾಗ ಹೇಗಿದೆ ನೋಡುವ ಎಂದಿರಬೇಕು. ಬೆರಳು ಮರದ ಪಟ್ಟಿ ದಾಟಿ ಸುಣ್ಣದ ಗೋಡೆಗೆ ತಗುಲಿತು. ಅಲ್ಲೇ ನಿಂತಳು. "ಹಿಂದೆ ಎಂತದೂ ಇಲ್ಲಲ?" ಎಂದಳು.

ನಾನು ಬಾಗಿಲಿಗೆ ಬಂದು ಒಡೆಯರಿಗೆ ಹೇಳಿದೆ. "ಹಲಗೆಯಲ್ಲಿ ಹಿಂದೆ ಕೂತವ್ರ ಸುದ್ದಿ ಬರೀಲಿಲ್ಲ, ಒಡೆಯಾ."

"ಅದೆಲ್ಲ ಈಗ ಎಂತಕ್ಕೆ ಮಾರಾಯಾ? ಹೋದದ್ದು ಹೋತು. ಮಕ್ಕಳು ಓದ್ತ್ರು. ಒಳ್ಳೆದು ಬರೀಬೇಕು."

ಅಷ್ಟರಲ್ಲಿ ಒಳಗಿನಿಂದ ಗೇಟಿನವನ ಕೂಗು. "ಅಜ್ಜೀ, ಏಳಿ ಏಳಿ! ಅದು ಕೂರುಕಲ್ಲ, ನೋಡುಕೆ!"

ಓಡಿದೆ. ಅವ್ವಿ ಹಗ್ಗದಡಿ ನುಸುಳಿ ಆ ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಬೆನ್ನು ಒರಗಿಸದೆ, ತುದಿಯಲ್ಲಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಎರಡೂ ಕೈ ತೊಡೆಯ ಮೇಲೆ. ಎದುರಿಗೆ ಖಾಲಿ ಪರದೆ. ಗೋಡೆಯ ಆಚೆ ಥಿಯೇಟರಿನಲ್ಲಿ ಮಧ್ಯಾಹ್ನದ ಆಟ ಶುರುವಾಗಿತ್ತು. ಅದರ ಮಾತು, ವಾದ್ಯ, ಕುದುರೆ ಓಡುವ ಸದ್ದು ಸುಣ್ಣದ ಗೋಡೆ ದಾಟಿ ಈ ಕೋಣೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಬಾಗಿಲಿನಿಂದ ಬಿಸಿಲು ಬಂದು ಬಟ್ಟೆಯ ಮೇಲೆ ಬಿದ್ದಿತ್ತು. ರಸ್ತೆಯಲ್ಲಿ ಯಾರಾದರೂ ಹಾದರೆ ಅವರ ನೆರಳು ಅದರ ಮೇಲೆ ಓಡುತ್ತಿತ್ತು.

ಒಡೆಯರು ನನ್ನ ಹಿಂದೆಯೇ ಬಂದರು. ಒಂದು ಗಳಿಗೆ ನೋಡಿದರು. ಆಮೇಲೆ ಅವರ ಮುಖ ಅರಳಿತು.

"ಬಿಡು, ಬಿಡು, ಕೂರ್ಲಿ" ಎಂದರು ಗೇಟಿನವನಿಗೆ. ನನ್ನ ಹೆಗಲ ಮೇಲೆ ಕೈಯಿಟ್ಟರು. "ನೆನಪದೆಯಾ? ಹೊನ್ನಾವರದಲ್ಲಿ ಹೇಳಿದ್ದೆ. ಮೊದಲ ಸಾಲಿನ ಕುರ್ಚಿ. ಇದು ಮೊದಲ ಸಾಲಿಂದೇ. ಆತಲ, ಕೊಟ್ನಲ?"

ಅವರು ಅಣಕಿಸುತ್ತಿರಲಿಲ್ಲ. ಅದು ನನಗೆ ಗೊತ್ತು. ಒಂದು ಮಾತು ಬಾಕಿ ಇತ್ತು, ಅದು ತಾನಾಗಿ ತೀರಿತು ಎಂಬ ನಿಜವಾದ ಸಂತೋಷ ಅವರ ಮುಖದಲ್ಲಿತ್ತು. ಆ ಕೈಯನ್ನು ಹೆಗಲಿನಿಂದ ತೆಗೆದು ಹಾಕಲು ನನಗೆ ಒಂದು ಕ್ಷಣ ಸಾಕಿತ್ತು. ದಿಮ್ಮಿ ಉರುಳಿಸುವ ಕೈ ನನ್ನದು. ಪಕ್ಕದಲ್ಲೇ ಗೂಟವೂ ಇತ್ತು. ಆದರೆ ಅವ್ವಿ ಬಾಯಿಗೆ ಬೆರಳಿಟ್ಟು ನಮ್ಮ ಕಡೆ ತಿರುಗಿದಳು.

"ಶ್! ಆಟದ ಹೊತ್ತಿಗೆ ಮಾತಾಡ್ಬೇಡಿ."

ಒಡೆಯರು ನಗುತ್ತ ಹೊರಗೆ ಹೋದರು. ಗೇಟಿನವ ಹಗ್ಗ ಸರಿಪಡಿಸಿದ, ಕುರ್ಚಿಯ ಸುತ್ತ, ಅವಳ ಸುತ್ತ. ಶಾಲೆಯ ಮಕ್ಕಳ ಗುಂಪೊಂದು ಬಂತು. ಮಶಿನ್ನು ನೋಡಿದರು, ಭೋಂಗಾ ನೋಡಿದರು, ಹಗ್ಗದೊಳಗೆ ಕೂತ ಮುದುಕಿಯನ್ನೂ ನೋಡಿದರು. ಒಂದು ಹುಡುಗಿ ಹಲಗೆ ಓದಿ, ಅವಳ ಕಡೆ ನೋಡಿ, ಮತ್ತೆ ಹಲಗೆ ಓದಿದಳು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಗೋಡೆಯಾಚೆ ಯಾರೋ ಅತ್ತರು, ಅವ್ವಿ ಸೆರಗಿನಿಂದ ಕಣ್ಣೊರೆಸಿದಳು. ಯಾರೋ ನಕ್ಕರು, ಅವಳೂ ನಕ್ಕಳು. ಮಧ್ಯಂತರದ ಗಂಟೆಯಾಗಿ ಸದ್ದು ನಿಂತಾಗ, "ಮುಗೀತಾ?" ಎಂದಳು.

"ಮುಗೀತು, ಅವ್ವಿ. ಹೋಗ್ವ."

ಹೊಳನಗದ್ದೆಯ ದಾರಿ ಹಿಡಿದೆವು. ಗದ್ದೆಯ ಅಂಚಿಗೆ ಬಂದ ಮೇಲೆ ಹೇಳಿದಳು: "ಚಿತ್ರ ಮಸುಕಿತ್ತು. ನೀರು ಹೊಡ್ದವ್ರಿಲ್ಲ, ಅದ್ಕೇ. ನೀ ಇರ್ಬೇಕಿತ್ತು ಅಲ್ಲಿ."

ಅವಳಿಗೆ ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ ಎನ್ನಲಾರೆ. ಕೇಳಿ ಎಂತ ಮಾಡುವುದಿತ್ತು?

ಅಂದು ಸಂಜೆಯೇ ಬಾವಿಕಟ್ಟೆಯಲ್ಲಿ ಹೆಂಗಸರು ಅವಳ ಸುತ್ತ ಸೇರಿದ್ದರು. ನಾನು ಅಂಗಳದಲ್ಲಿ ಕಟ್ಟಿಗೆ ಸೀಳುತ್ತಿದ್ದೆ. ಅವ್ವಿಯ ದನಿ ಬೇಲಿ ದಾಟಿ ಬರುತ್ತಿತ್ತು. "ಬೆತ್ತದ ಕುರ್ಚಿ, ಮಾರಾಯ್ತಿ. ಮೊದಲ ಸಾಲು. ನನ್ನ ಮುಂದೆ ಯಾರೂ ಇಲ್ಲ. ಸುತ್ತ ಹಗ್ಗ ಕಟ್ಟಿ ಬೇರೆ ಇಟ್ಟಿದ್ರು, ಯಾರೂ ಹತ್ರ ಬರುಕಿಲ್ಲ ಅಂತ. ಮುಂದಿಂದ ನೋಡಿರೆ ಬೇರೆಯೇ. ಎಲ್ಲಾ ಬಲಗೈಯವ್ರೇ. ದೇವ್ರೂ ಬಲಗೈಲೇ ಆಶೀರ್ವಾದ ಮಾಡ್ತ."

ಅತ್ತೆ ಬಾವಿಯ ಹಗ್ಗ ಸುತ್ತಿಟ್ಟಳು. ಕೊಡ ಎತ್ತಿಕೊಂಡು ಬೇಲಿಯ ಹತ್ತಿರ ಬಂದು ನನ್ನನ್ನು ಕರೆದಳು.

"ನಾ ಸುಮ್ನೆ ಆಡ್ಕಂಡೆ ತಮ್ಮಾ ಇಷ್ಟು ವರ್ಷ. ಒಡೆಯರು ಅಂದ್ರೆ ಒಡೆಯರೇ. ಕೊಟ್ಟ ಮಾತು ಮರೀಲಿಲ್ಲ ನೋಡು. ಈ ಸಲ ನಮ್ಮನೆಯವ್ರ ಮತ ಎಲ್ಲಾ ಅವ್ರಿಗೇ. ನೀನೂ ಹೇಳು ನಾಕು ಜನಕ್ಕೆ."

ನಾನು ಕೊಡಲಿ ಎತ್ತಿದೆ. ಬಾವಿಕಟ್ಟೆಯಲ್ಲಿ ಅವ್ವಿ ಮಾತು ನಿಲ್ಲಿಸಿ ಈ ಕಡೆ ಮುಖ ತಿರುಗಿಸಿದ್ದಳು, ನಾನು ಎಂತ ಹೇಳುತ್ತೇನೆಂದು ಕಿವಿಗೊಟ್ಟು.

"ಹೌದು ಅತ್ತೇ" ಎಂದೆ. "ಮರೀಲಿಲ್ಲ."